ಆ ಹಾಡು ಅಣ್ಣಾವ್ರದ್ದಾ, ಪಿ.ಬಿ.ಎಸ್. ಅವರದ್ದಾ?

ಒಂದು ಸಣ್ಣ ಪರೀಕ್ಷೆ. ಮೊಬೈಲಿನಲ್ಲಿ ‘ರಾಜ್‌ಕುಮಾರ್ ಹಿಟ್ಸ್’ ಅಂತ ಹುಡುಕಿ, ಮೊದಲು ಸಿಗುವ ಹತ್ತು ಹಾಡು ಕೇಳಿ. ಅದರಲ್ಲಿ ರಾಜ್‌ಕುಮಾರ್ ಅವರೇ ಹಾಡಿದ್ದು ಎಷ್ಟು ಅಂತ ಹೇಳ್ತೀರಾ? ‘ಬಂಗಾರದ ಮನುಷ್ಯ’ದ ನಾಯಕನ ಹಾಡುಗಳು? ಅದು ಪಿ.ಬಿ. ಶ್ರೀನಿವಾಸ್. ‘ಎರಡು ಕನಸು’? ಅಲ್ಲೂ ಅವರೇ. ‘ಮಯೂರ’? ಮತ್ತೆ ಅವರೇ. ‘ಹಾವಿನ ಹೆಡೆ’, ‘ಕವಿರತ್ನ ಕಾಳಿದಾಸ’ ಬಂದರೆ ಅದು ಅಣ್ಣಾವ್ರ ಸ್ವಂತ ಧ್ವನಿ.

ನನ್ನ ಆಫೀಸಿನ ಗೆಳೆಯರಲ್ಲಿ ಈ ಪರೀಕ್ಷೆ ಪಾಸಾದವರು ಕಡಿಮೆ. ‘ಎಲ್ಲ ಅವರೇ ಹಾಡಿದ್ದಲ್ವಾ?’ ಅಂತ ಕೇಳ್ತಾರೆ. ಇನ್ನು ಕೆಲವರು, ‘ಸ್ಟಾರ್ ಆದ ಮೇಲೆ ಶೋಕಿಗೆ ಹಾಡಿದ್ದು’ ಅಂತಾರೆ. ಈ ಎರಡನೇ ಮಾತು ಕೇಳಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಕಥೆ ಇರುವುದು ಉಲ್ಟಾ. ಅವರು ಮೊದಲು ಹಾಡುವ ನಟ. ಸಿನಿಮಾಕ್ಕೆ ಬಂದ ಮೇಲೆ ಹಾಡು ಅವರಿಂದ ದೂರವಾಯಿತು. ವಾಪಸ್ ಸಿಗಲು ಇಪ್ಪತ್ತು ವರ್ಷ ಬೇಕಾಯಿತು.

ನಮ್ಮೂರಿನವರಿಗೆ ಇದು ಹೊಸತಲ್ಲ

ನಾನು ಜಾಲ್ಸೂರಿನವ. ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿಗೆ ದಾರಿ ಕವಲೊಡೆಯುವ ಊರು. ಒಂದೇ ಬಸ್ಸಿನಲ್ಲಿ ಕನ್ನಡ, ತುಳು, ಅರೆಭಾಷೆ, ಮಲಯಾಳ ಎಲ್ಲ ಕೇಳಿಸುತ್ತದೆ. ಪತ್ತನಾಜೆ ಬರುವವರೆಗೂ ಸುತ್ತಮುತ್ತ ಎಲ್ಲಾದರೊಂದು ಕಡೆ ಯಕ್ಷಗಾನ ಇದ್ದೇ ಇರುತ್ತದೆ. ಹಾಗಾಗಿ ಒಬ್ಬರು ಹಾಡುವುದು, ಇನ್ನೊಬ್ಬರು ಅಭಿನಯಿಸುವುದು ನಮಗೆ ವಿಚಿತ್ರ ಅನಿಸುವುದಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ವೇಷಧಾರಿ ಅದಕ್ಕೆ ಕುಣಿದು ಅರ್ಥ ಹೇಳುತ್ತಾನೆ. ಹಾಡಿದವರು ಚಂಡೆ, ಮದ್ದಳೆಯ ಜೊತೆ ಎಲ್ಲರ ಕಣ್ಣೆದುರೇ ಕೂತಿರುತ್ತಾರೆ. ಯಾವ ಭಾಗವತರ ಪದ್ಯ ಅಂತ ಕೇಳಿಕೊಂಡೇ ಆಟಕ್ಕೆ ಹೋಗುವವರಿದ್ದಾರೆ.

ಸಿನಿಮಾದ ಹಿನ್ನೆಲೆ ಗಾಯನವೂ ಇದೇ ಹಂಚಿಕೆ. ವ್ಯತ್ಯಾಸ ಒಂದೇ, ಅಲ್ಲಿ ಭಾಗವತರು ಪರದೆಯ ಹಿಂದೆ. ಆದರೆ ರಾಜ್‌ಕುಮಾರ್ ಬಂದದ್ದು ಈ ಹಂಚಿಕೆಯೇ ಇಲ್ಲದ ಇನ್ನೊಂದು ರಂಗಭೂಮಿಯಿಂದ. ಅದು ಕಂಪನಿ ನಾಟಕ. ಅಲ್ಲಿ ಮಾತಾಡುವವನೇ ಹಾಡಬೇಕು.

ಗಾಜನೂರಿನಿಂದ ಗುಬ್ಬಿ ಕಂಪನಿಗೆ

1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದಾಗ ಅವರ ಹೆಸರು ಮುತ್ತುರಾಜ. ಗಾಜನೂರು ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ದಕ್ಷಿಣ ಕನ್ನಡ ಜಿಲ್ಲೆಯ ನಮ್ಮ ಜಾಲ್ಸೂರೂ ಆಗ ಮದ್ರಾಸಿಗೇ ಸೇರಿತ್ತು. 1956ರ ನವೆಂಬರ್ 1ಕ್ಕೆ ಗೆರೆ ಎಳೆದಾಗ ನಾವು ಈಚೆ ಬಂದೆವು, ನೆರೆಯ ಕಾಸರಗೋಡು ಕೇರಳಕ್ಕೆ ಹೋಯಿತು, ಕನ್ನಡ ಮಾತಾಡುವ ಗಾಜನೂರು ತಮಿಳುನಾಡಿನಲ್ಲೇ ಉಳಿಯಿತು. ಕನ್ನಡದ ಅತಿ ದೊಡ್ಡ ನಟ ಹುಟ್ಟಿದ ಊರು ಇವತ್ತು ಕರ್ನಾಟಕದೊಳಗಿಲ್ಲ. ಗಡಿಯಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯ ಏನೂ ಕಾಣುವುದಿಲ್ಲ.

ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಕಂಪನಿ ನಾಟಕದ ನಟ. ಹುಡುಗನಿಗೆ ಶಾಲೆ ಹೆಚ್ಚು ಸಿಗಲಿಲ್ಲ, ತಂದೆಯ ಜೊತೆ ರಂಗದ ಮೇಲೇ ಬೆಳೆದ. ಗುಬ್ಬಿ ವೀರಣ್ಣನವರ ಕಂಪನಿ ಅಂದರೆ ಆ ಕಾಲದ ದೊಡ್ಡ ಪಾಠಶಾಲೆ. ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಕೂಡ ಅಲ್ಲಿ ಪಳಗಿದವರು. ಕಂಪನಿ ನಾಟಕದಲ್ಲಿ ರೀಟೇಕ್ ಇಲ್ಲ, ಎಡಿಟಿಂಗ್ ಇಲ್ಲ. ಹಾರ್ಮೋನಿಯಂ ಶ್ರುತಿಗೆ ಸೇರಿಸಿ ಹಾಡಬೇಕು, ಹಾಡು ಮುಗಿದ ಮರುಕ್ಷಣ ಅದೇ ಉಸಿರಿನಲ್ಲಿ ಮಾತು ಎತ್ತಿಕೊಳ್ಳಬೇಕು. ಕೊನೇ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಒಂದೊಂದು ಅಕ್ಷರ ಸ್ಪಷ್ಟವಾಗಿ ಕೇಳಬೇಕು. ರಾಜ್‌ಕುಮಾರ್ ಹಾಡಿನಲ್ಲಿ ನಾವು ಮೆಚ್ಚುವ ಆ ಸ್ವಚ್ಛ ಉಚ್ಚಾರಣೆಯ ಬೇರು ಅಲ್ಲಿದೆ.

ಬಾಯಿ ಅವರದ್ದು, ಧ್ವನಿ ಇನ್ನೊಬ್ಬರದ್ದು

1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ಬಂತು. ಮುತ್ತುರಾಜ ರಾಜ್‌ಕುಮಾರ್ ಆದರು. ಅಷ್ಟು ಹೊತ್ತಿಗೆ ಹಾಡುವ ನಟರ ಕಾಲ ಇಡೀ ದೇಶದಲ್ಲೇ ಮುಗಿಯುತ್ತಾ ಬಂದಿತ್ತು. ಹಿಂದಿಯ ಕೆ.ಎಲ್. ಸೈಗಲ್, ತಮಿಳಿನ ತ್ಯಾಗರಾಜ ಭಾಗವತರ್, ಕನ್ನಡದ ಹೊನ್ನಪ್ಪ ಭಾಗವತರ್ ತರಹದವರ ಜಾಗಕ್ಕೆ ಹಿನ್ನೆಲೆ ಗಾಯಕರು ಬಂದಿದ್ದರು. ರಾಜ್‌ಕುಮಾರ್‌ಗೂ ಅದೇ ನಿಯಮ. ನಡುವೆ 1956ರ ‘ಓಹಿಲೇಶ್ವರ’ದಲ್ಲಿ, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರ ಜೊತೆ ಹಾಡಿದ್ದುಂಟು. ಆದರೆ ಅದು ಮುಂದುವರಿಯಲಿಲ್ಲ.

ಆ ಜಾಗ ತುಂಬಿದವರು ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್. ಮನೆಮಾತು ತೆಲುಗು, ಕೆಲಸ ಮದ್ರಾಸಿನಲ್ಲಿ, ಆದರೆ ಕನ್ನಡ ಹಾಡಿದರೆ ಬೇರೆ ಊರಿನವರು ಅಂತ ಗೊತ್ತೇ ಆಗುತ್ತಿರಲಿಲ್ಲ. ‘ಭಕ್ತ ಕನಕದಾಸ’ದಿಂದ ಹಿಡಿದು ಎಷ್ಟೋ ಚಿತ್ರಗಳಲ್ಲಿ ಅವರ ಧ್ವನಿ ರಾಜ್‌ಕುಮಾರ್ ಮುಖಕ್ಕೆ ಎಷ್ಟು ಹೊಂದಿಕೊಂಡಿತೆಂದರೆ, ರಾಜ್ ಶರೀರ, ಪಿ.ಬಿ.ಎಸ್. ಶಾರೀರ ಅನ್ನುವ ಮಾತೇ ಹುಟ್ಟಿತು.

1966ರ ‘ಸಂಧ್ಯಾರಾಗ’ ನೋಡಿ. ಅ.ನ.ಕೃ. ಕಾದಂಬರಿ ಆಧರಿಸಿದ ಚಿತ್ರ, ರಾಜ್‌ಕುಮಾರ್ ಪಾತ್ರವೇ ಒಬ್ಬ ಸಂಗೀತಗಾರನದ್ದು. ಅದರಲ್ಲಿ ಹಾಡಿದವರು ಬಾಲಮುರಳಿಕೃಷ್ಣ, ಭೀಮಸೇನ ಜೋಶಿಯವರಂಥ ದಿಗ್ಗಜರು. ಹಾಡಲು ಬರುವ ನಟ ಗಾಯಕನ ಪಾತ್ರದಲ್ಲಿ ನಿಂತು ಬೇರೆಯವರ ಹಾಡಿಗೆ ತುಟಿ ಆಡಿಸಿದ್ದು! ಆದರೆ ಆ ದೃಶ್ಯಗಳಲ್ಲಿ ಅವರ ಉಸಿರು, ಕತ್ತಿನ ನರ, ಕೈ ಬೆರಳು ನೋಡಿ. ಸಂಗೀತ ಗೊತ್ತಿದ್ದವರಷ್ಟೇ ಹಾಗೆ ಅಭಿನಯಿಸಲು ಸಾಧ್ಯ. ಆಟದಲ್ಲೂ ಅಷ್ಟೇ, ತಾಳ ಗೊತ್ತಿರುವ ವೇಷಧಾರಿಯನ್ನು ಕಂಡರೆ ಭಾಗವತರ ಪದ್ಯವೂ ಮೇಲೇಳುತ್ತದೆ.

ಎಮ್ಮೆಯ ಮೇಲೆ ಕೂತು ಬಂದ ಹಾಡು

1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂತು. ಸಂಗೀತ ಜಿ.ಕೆ. ವೆಂಕಟೇಶ್. ಎಮ್ಮೆಯ ಮೇಲೆ ಕೂತ ನಾಯಕನ ತಮಾಷೆಯ ಹಾಡೊಂದನ್ನು ರಾಜ್‌ಕುಮಾರ್ ತಾವೇ ಹಾಡಿದರು. ವಯಸ್ಸು 45. ಜನ ಹುಚ್ಚೆದ್ದು ಕೇಳಿದರು. ಅಲ್ಲಿಂದ ನಿಧಾನಕ್ಕೆ ದಿಕ್ಕು ಬದಲಾಯಿತು. ‘ಪ್ರೇಮದ ಕಾಣಿಕೆ’, ‘ಶಂಕರ್ ಗುರು’ ಬರುವಷ್ಟರಲ್ಲಿ ರಾಜ್‌ಕುಮಾರ್ ಹಾಡು ಅಂದರೆ ರಾಜ್‌ಕುಮಾರ್ ಧ್ವನಿಯೇ ಅಂತಾಯಿತು. ರೀಲ್ಸಿನಲ್ಲಿ ನೀವು ಕೇಳುವ ಆ ಇಂಗ್ಲಿಷ್ ಹಾಡು 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದ್ದು. ಶಾಲೆ ಬಿಟ್ಟ ಗಾಜನೂರಿನ ಹುಡುಗನೇ ಅದನ್ನು ಹಾಡಿದ್ದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಭಿಮಾನಿಗಳು ಈ ಕಥೆಯನ್ನು ಬರೀ ಗೆಲುವಿನ ಕಥೆಯಾಗಿ ಹೇಳುತ್ತೇವೆ. ಆದರೆ ಒಬ್ಬರಿಗೆ ಧ್ವನಿ ವಾಪಸ್ ಸಿಕ್ಕಿದಾಗ ಇನ್ನೊಬ್ಬರ ಕೆಲಸ ಹೋಯಿತು. ಕನ್ನಡದಲ್ಲಿ ಪಿ.ಬಿ.ಎಸ್. ಅವರ ಅತಿ ದೊಡ್ಡ ಆಸರೆ ರಾಜ್‌ಕುಮಾರ್ ಚಿತ್ರಗಳೇ ಆಗಿದ್ದವು. ನಲವತ್ತರ ಮಧ್ಯದಲ್ಲಿ, ಧ್ವನಿ ಇನ್ನೂ ಚೆನ್ನಾಗಿರುವಾಗಲೇ ಆ ಬಾಗಿಲು ಮುಚ್ಚುತ್ತಾ ಬಂತು. ಅವರು ಹಲವು ಭಾಷೆಗಳಲ್ಲಿ ಕವಿತೆ ಬರೆಯುತ್ತಿದ್ದರು. ಜೇಬು ತುಂಬ ಪೆನ್ನು ಇಟ್ಟುಕೊಂಡು ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟೆಲಿನಲ್ಲಿ ಕೂತು ಬರೆಯುತ್ತಿದ್ದ ಅವರನ್ನು ನೋಡಿದವರು ಬಹಳ ಮಂದಿ. 2013ರ ಏಪ್ರಿಲ್ 14ರಂದು ತೀರಿಕೊಂಡರು. ಕೆಲಸದ ಜಾಗದಲ್ಲಿ ಇಂಥದ್ದನ್ನು ನಾವೂ ನೋಡುತ್ತೇವೆ ಮಾರಾಯ್ರೆ. ಯಾರ ತಪ್ಪೂ ಇರುವುದಿಲ್ಲ, ಆದರೂ ಒಬ್ಬರ ಕುರ್ಚಿ ಖಾಲಿಯಾಗುತ್ತದೆ.

ಪ್ರಶಸ್ತಿ ಬಂದದ್ದು ಯಾವುದಕ್ಕೆ?

ರಾಜ್‌ಕುಮಾರ್ ನಟಿಸಿದ್ದು 200ಕ್ಕೂ ಹೆಚ್ಚು ಚಿತ್ರಗಳಲ್ಲಿ. 1983ರಲ್ಲಿ ಪದ್ಮಭೂಷಣ ಬಂತು, 1995ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಆದರೆ ಅತ್ಯುತ್ತಮ ನಟ ಅನ್ನುವ ರಾಷ್ಟ್ರಪ್ರಶಸ್ತಿ ಒಮ್ಮೆಯೂ ಬರಲಿಲ್ಲ. ಅವರಿಗೆ ಸಿಕ್ಕ ಆ ಬಗೆಯ ರಾಷ್ಟ್ರಪ್ರಶಸ್ತಿ ಅತ್ಯುತ್ತಮ ಗಾಯಕ ಅಂತ, 1992ರ ‘ಜೀವನ ಚೈತ್ರ’ದ ಹಾಡಿಗೆ. ಉಪೇಂದ್ರ ಕುಮಾರ್ ಸಂಗೀತದ, ಉದ್ದದ ಆಲಾಪ ಬೇಡುವ ಶಾಸ್ತ್ರೀಯ ಧಾಟಿಯ ಹಾಡು. ‘ಸಂಧ್ಯಾರಾಗ’ದಲ್ಲಿ ಬೇರೆಯವರು ಹಾಡಿದ ಬಗೆಯದನ್ನು 26 ವರ್ಷದ ಮೇಲೆ ತಾನೇ ಹಾಡಿ ಪ್ರಶಸ್ತಿ ತಂದರು. ವಯಸ್ಸು 60 ದಾಟಿತ್ತು. ಶೋಕಿಗೆ ಹಾಡುವವರಿಗೆ ಇದು ಆಗುವ ಕೆಲಸವಲ್ಲ.

ಅದರ ಮರುವರ್ಷ ಇನ್ನೊಂದು ಮೋಜು ನಡೆಯಿತು. ‘ಮುದ್ದಿನ ಮಾವ’ ಚಿತ್ರದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ನಟಿಸಿದರು. ದೇಶವೇ ಕೇಳುವ ಗಾಯಕ ತೆರೆಯ ಮೇಲೆ ನಿಂತಾಗ ಅವರಿಗೆ ಹಿನ್ನೆಲೆಯಲ್ಲಿ ಹಾಡಿದ್ದು ಯಾರು? ನಟ ರಾಜ್‌ಕುಮಾರ್!

ನನಗೆ ಅನಿಸುವುದು ಇಷ್ಟು. ಪಿ.ಬಿ.ಎಸ್. ಹಾಡಿದರೆ ರಾಗ ಮೊದಲು ಮನಸ್ಸಿಗೆ ಇಳಿಯುತ್ತದೆ, ರೇಷ್ಮೆ ಹಾಗೆ. ರಾಜ್‌ಕುಮಾರ್ ಹಾಡಿದರೆ ಮಾತು ಮೊದಲು ಬರುತ್ತದೆ, ಅದರ ಬೆನ್ನಿಗೆ ರಾಗ. ಒಬ್ಬರದ್ದು ಭಾಗವತಿಕೆಯಾದರೆ ಇನ್ನೊಬ್ಬರದ್ದು ಪದ್ಯವನ್ನೂ ಅರ್ಥವನ್ನೂ ಒಟ್ಟಿಗೆ ಹೇಳಿದ ಹಾಗೆ. ಯಾವುದು ಮೇಲು ಅಂತ ಕೇಳಿದರೆ ನಾನು ಉತ್ತರ ಹೇಳುವುದಿಲ್ಲ. ಅದರ ಬದಲು ಇವತ್ತು ಮನೆಗೆ ಹೋಗುವಾಗ ಇಯರ್‌ಫೋನ್ ಹಾಕಿ 1977ರ ‘ಬಭ್ರುವಾಹನ’ದಲ್ಲಿ ಅಪ್ಪ ಅರ್ಜುನನಿಗೂ ಮಗ ಬಭ್ರುವಾಹನನಿಗೂ ನಡೆಯುವ ಸವಾಲ್ ಜವಾಬಿನ ಹಾಡು ಕೇಳಿ. ಎರಡೂ ಪಾತ್ರ ರಾಜ್‌ಕುಮಾರ್ ಅವರದ್ದೇ, ಹಾಡಿದವರು ಮಾತ್ರ ಪಿ.ಬಿ. ಶ್ರೀನಿವಾಸ್ ಮತ್ತು ರಾಜ್‌ಕುಮಾರ್ ಇಬ್ಬರೂ. ಮುಖ ಒಂದು, ಧ್ವನಿ ಎರಡು. ಯಾರೂ ಸೋಲುವುದಿಲ್ಲ.