ಹುಳು ಮಣಿಸಲು ಹುಳು ಸಾಕುವವರು

ಅಮೆರಿಕದ ಮಿಷಿಗನ್ ರಾಜ್ಯದ ಬ್ರೈಟನ್ ಊರಿನಲ್ಲಿ ಆ ದೇಶದ ಕೇಂದ್ರ ಕೃಷಿ ಇಲಾಖೆಯ ಪ್ರಯೋಗಾಲಯವೊಂದಿದೆ. ದೇಶದ ಕೋಟ್ಯಂತರ ಆಶ್ ಮರಗಳನ್ನು ಬಲಿ ಪಡೆದ ಕೊರಕ ಹುಳುವನ್ನು ಇಲ್ಲಿ ಜತನದಿಂದ ಸಾಕುತ್ತಾರೆ. ಏಕೆಂದರೆ ಆ ಹುಳುವನ್ನು ಮಣಿಸಬಲ್ಲ ಕಣಜಗಳ ಮರಿಗಳಿಗೆ ಬೇರೆ ಆಹಾರವಿಲ್ಲ.

ಹುಳುವಿನ ಹೆಸರು ಎಮರಾಲ್ಡ್ ಆಶ್ ಬೋರರ್. ಮೂಲ ಈಶಾನ್ಯ ಏಷ್ಯಾ. ಸರಕಿನ ಮರದ ಪೆಟ್ಟಿಗೆಗಳಲ್ಲಿ ಅಡಗಿ ಬಂದಿರಬೇಕೆಂದು ಊಹಿಸಲಾದ ಇದು 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾಯಿತು. ಹಸಿರು ಲೋಹದಂತೆ ಹೊಳೆಯುವ ದುಂಬಿ ಎಲೆಯಂಚು ಮೆಲ್ಲುತ್ತದೆ, ಅಷ್ಟೇ. ಅನಾಹುತವೆಲ್ಲ ಮರಿಹುಳುವಿನದು. ತೊಗಟೆ ಎಬ್ಬಿಸಿ ನೋಡಿದರೆ ಕೆನೆಬಣ್ಣದ ಚಪ್ಪಟೆ ಹುಳು, ಅದರ ಹಿಂದೆ ಹಾವಿನಂತೆ ಹೊರಳಾಡಿದ ಸುರಂಗ, ಸುರಂಗದ ತುಂಬ ಹಿಟ್ಟು. ಎಲೆಯಿಂದ ಬೇರಿಗೆ ಆಹಾರ ಸಾಗುವ ಒಳತೊಗಟೆಯೇ ತುಂಡಾಗಿ ಕೆಲವೇ ವರ್ಷಗಳಲ್ಲಿ ಮರ ಒಣಗುತ್ತದೆ. ಅರೇಬಿಕಾ ಕಾಫಿ ಗಿಡಗಳಿಗೆ ಬೀಳುವ ಬಿಳಿ ಕಾಂಡಕೊರಕದ ಕಾಟ ಉಂಡಿರುವ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಮರ ಸತ್ತರೆ ಮನುಷ್ಯನಿಗೇನು? ಅಮೆರಿಕದ ಅರಣ್ಯ ಸೇವೆಯ ಸಂಶೋಧಕ ಜೆಫ್ರಿ ಡೊನೊವನ್ ಮತ್ತು ಸಂಗಡಿಗರು ಈ ಪ್ರಶ್ನೆ ಹಿಡಿದು ಹೊರಟರು. 15 ರಾಜ್ಯಗಳ 1990ರಿಂದ 2007ರವರೆಗಿನ ಮರಣ ದಾಖಲೆಗಳನ್ನು ಹುಳು ಹಬ್ಬಿದ ಜಾಡಿನ ಜೊತೆ ಹೋಲಿಸಿದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಹುಳು ಕಾಲಿಟ್ಟ ಕೌಂಟಿಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದ 15,080, ಶ್ವಾಸಕೋಶದ ಕಾಯಿಲೆಗಳಿಂದ 6,113 ಹೆಚ್ಚುವರಿ ಸಾವುಗಳು ಸಂಭವಿಸಿದ್ದವು. ಮರ ಹೋದದ್ದೇ ಕಾರಣವೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಆದಾಯ, ವಿದ್ಯಾಭ್ಯಾಸದಂಥ ವ್ಯತ್ಯಾಸಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ನಂಟು ಉಳಿಯಿತು. ಹುಳುವಿನ ಹಾವಳಿ ಏರಿದಂತೆ ಗಟ್ಟಿಯೂ ಆಯಿತು.

ಬ್ರೈಟನ್‌ನ ಕೆಲಸದ ತೂಕ ಗೊತ್ತಾಗುವುದು ಇಲ್ಲಿ. ಆಶ್ ಮರದ ಸಣ್ಣ ತುಂಡುಗಳಲ್ಲಿ ಮರಿಹುಳು ಬೆಳೆಸಿ ಕಣಜಗಳಿಗೆ ಒಪ್ಪಿಸುತ್ತಾರೆ. ಚೀನಾದಿಂದ ತಂದ ಟೆಟ್ರಾಸ್ಟಿಕಸ್ ಕಣಜ ತೊಗಟೆಯ ಮೂಲಕವೇ ಹುಳುವಿನ ಮೈಯೊಳಗೆ ಮೊಟ್ಟೆಯಿಡುತ್ತದೆ. ಒಂದೇ ಹುಳುವಿನಿಂದ ಹತ್ತಾರು ಕಣಜಗಳು ಹೊರಬೀಳುತ್ತವೆ. ಆದರೆ ಟೆಟ್ರಾಸ್ಟಿಕಸ್ ಮೊಟ್ಟೆಯಿಡುವ ಸೂಜಿ ದಪ್ಪ ತೊಗಟೆಯನ್ನು ದಾಟಲಾರದು. ದೊಡ್ಡ ಮರಗಳಿಗೆಂದೇ ರಷ್ಯಾದಿಂದ ಉದ್ದ ಸೂಜಿಯ ಇನ್ನೊಂದು ಕಣಜ ಬಂತು. ಊಬಿಯಸ್ ಎಂಬ ಮೂರನೆಯದು ಒಂದು ಮಿಲಿಮೀಟರಿನಷ್ಟು ಪುಟ್ಟದು, ಕೊರಕದ ಮೊಟ್ಟೆಗೇ ಗುರಿಯಿಡುತ್ತದೆ. ಈ ಕಣಜದ ಮರಿ ಒಳಗಿರುವ ಕೊರಕದ ಮೊಟ್ಟೆಗಳನ್ನು ಮಾತ್ರೆ ಡಬ್ಬಿಯಲ್ಲಿ ಹಾಕಿ ಮರಕ್ಕೆ ತೂಗುಹಾಕುತ್ತಾರೆ.

2007ರಿಂದ ಈವರೆಗೆ ಲಕ್ಷಾಂತರ ಕಣಜಗಳು ಕಾಡು ಸೇರಿವೆ. 2021ರ ಜನವರಿಯಲ್ಲಿ ಸರ್ಕಾರ ಆಶ್ ಮರದ ಸಾಗಾಟದ ಮೇಲಿನ ಕೇಂದ್ರ ನಿರ್ಬಂಧ ಕೈಬಿಟ್ಟು, ಆ ಹಣವನ್ನು ಕಣಜಗಳತ್ತ ತಿರುಗಿಸಿತು. ಸತ್ತ ಹೆಮ್ಮರಗಳು ಮರಳಿ ಬರುವುದಿಲ್ಲ. ಆದರೆ ಮಿಷಿಗನ್‌ನ ಅಧ್ಯಯನ ತಾಣಗಳಲ್ಲಿ ಎಳೆಯ ಆಶ್ ಗಿಡಗಳಲ್ಲಿ ಹುಳುವಿನ ಸಂಖ್ಯೆ ಇಳಿದಿದೆ.

ಕಣಜಗಳ ಈ ದುಡಿಮೆಗೆ ಜನರ ನೆರವೂ ಬೇಕು. ಹುಳು ದೂರದೂರಿಗೆ ಹೋಗುವುದು ಹೆಚ್ಚಾಗಿ ಸೌದೆಯ ಜೊತೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ರಜೆಯಲ್ಲಿ ಕ್ಯಾಂಪಿಂಗ್‌ಗೆ ಹೊರಟಾಗ ಮನೆಯಿಂದ ಸೌದೆ ಒಯ್ಯದಿರಲಿ, ಹೋದಲ್ಲೇ ಕೊಳ್ಳಲಿ.