ಬ್ಯಾಂಕ್ ಕೌಂಟರ್‌ನ ಆಚೆ ಬದಿಯಲ್ಲಿ ಎಂಟು ವಾರ: ಬೆಳೆಸಾಲದ ಬಗ್ಗೆ ನಾನು ಕಲಿತದ್ದು

ಬೆಳೆಸಾಲ ಅಂದ್ರೆ ನಮ್ಮ ಮನೆಯಲ್ಲಿ ಅಪ್ಪ ಒಬ್ಬರೇ ನೋಡಿಕೊಳ್ಳೋ ವಿಷಯ. ಉತಾರ ತಗೊಂಡು ಬ್ಯಾಂಕಿಗೆ ಹೋಗ್ತಾರೆ, ಎರಡು ಮೂರು ಸಲ ಅಲೆದಾಡ್ತಾರೆ, ತೋರಿಸಿದ ಕಡೆ ಸಹಿ ಹಾಕಿ ಬರ್ತಾರೆ. ಬಡ್ಡಿ ಎಷ್ಟು, ಕಟ್ಟುವ ಕೊನೆಯ ದಿನ ಯಾವುದು, ನಮ್ಮ ನಾಲ್ಕು ಎಕರೆಗೆ ಎಷ್ಟು ಸಿಗಬೇಕು ಅನ್ನೋದು ಉಳಿದವರಿಗೆ ಗೊತ್ತಿರಲ್ಲ. ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ಈ ವಾರದ ಲೇಖನ ನಿಮಗಾಗಿಯೇ.

ನಾನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ವ್ಯವಹಾರದ ಎಂಬಿಎ ಓದುತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ದೊಡ್ಡ ಸರ್ಕಾರಿ ಬ್ಯಾಂಕೊಂದರಲ್ಲಿ ಎಂಟು ವಾರ ಇಂಟರ್ನ್‌ಶಿಪ್ ಮಾಡಿದೆ. ಮೊದಲ ವಾರ ಪ್ರಾದೇಶಿಕ ಕಚೇರಿ, ಉಳಿದ ಏಳು ವಾರ ಹಾವೇರಿ ಜಿಲ್ಲೆಯ ಒಂದು ಗ್ರಾಮೀಣ ಶಾಖೆ. ಏಪ್ರಿಲ್, ಮೇ ಅಂದ್ರೆ ಮುಂಗಾರಿಗೆ ಮುಂಚಿನ ಕಾಲ. ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ರೈತರೆಲ್ಲ ಸಾಲ ನವೀಕರಿಸೋಕೆ ಬರುವ ಸಮಯ. ನನ್ನ ಕೆಲಸ ಫೈಲಿನ ಕಾಗದ ಪರಿಶೀಲಿಸೋದು, ರೈತರಿಗೆ ಫೋನ್ ಮಾಡೋದು, ಫೀಲ್ಡ್ ಆಫೀಸರ್ ಜೊತೆ ಬೈಕ್ ಹತ್ತಿ ಹೊಲ ನೋಡಿ ಬರೋದು.

ಸಾಲ ಕೊಡೋದು ಬ್ಯಾಂಕಿಗೂ ಬೇಕು

ಮೊದಲ ವಾರವೇ ಒಂದು ವಿಷಯ ಗೊತ್ತಾಯ್ತು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದ ಲೆಕ್ಕದಲ್ಲಿ ಶೇ 18ರಷ್ಟನ್ನು ಕೃಷಿಗೆ ಕೊಡಬೇಕು. ಅದರೊಳಗೆ ಶೇ 10ರಷ್ಟು ಸಣ್ಣ ಮತ್ತು ಅತಿ ಸಣ್ಣ ರೈತರಿಗೇ ಹೋಗಬೇಕು. ಅಂದ್ರೆ 5 ಎಕರೆವರೆಗೆ ಜಮೀನು ಇರೋರಿಗೆ. ಪ್ರಾದೇಶಿಕ ಕಚೇರಿಯಿಂದ ಶಾಖೆಗೆ ದಿನಾ ಬರುತ್ತಿದ್ದ ಪ್ರಶ್ನೆ ಒಂದೇ: "ಕೃಷಿ ಸಾಲ ಎಷ್ಟಾಯ್ತು?"

ಹಾಗಿದ್ರೆ ರೈತರು ಯಾಕೆ ಅಲೆಯಬೇಕು? ನಾನಿದ್ದ ಶಾಖೆಯಲ್ಲಿ ಹದಿನೈದಕ್ಕೂ ಹೆಚ್ಚು ಹಳ್ಳಿಗೆ ಒಬ್ಬರೇ ಫೀಲ್ಡ್ ಆಫೀಸರ್. ಅವರ ಮೇಜಿನ ಮೇಲೆ ಫೈಲುಗಳ ರಾಶಿ. ಕಾಗದ ಪೂರ್ತಿ ಇದ್ದ ಫೈಲು ಮುಂದೆ ಹೋಗುತ್ತೆ, ಒಂದು ಕಮ್ಮಿ ಇದ್ರೂ ರಾಶಿಯ ಕೆಳಗೆ ಸೇರುತ್ತೆ. ಅಲೆದಾಟ ಶುರುವಾಗೋದು ಹೆಚ್ಚಾಗಿ ಅಲ್ಲಿಂದಲೇ.

ನಿಮ್ಮ ಮಿತಿ ಎಷ್ಟು? ನೀವೇ ಲೆಕ್ಕ ಹಾಕಿ

ಕಿಸಾನ್ ಕ್ರೆಡಿಟ್ ಕಾರ್ಡ್, ಅಂದ್ರೆ ಕೆಸಿಸಿ, 1998ರಲ್ಲಿ ಶುರುವಾದ ಯೋಜನೆ. ಮ್ಯಾನೇಜರ್ ಮನಸ್ಸಿಗೆ ಬಂದಷ್ಟು ಕೊಡ್ತಾರೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಯಾವ ಬೆಳೆಗೆ ಎಕರೆಗೆ ಎಷ್ಟು ಅಂತ ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಪ್ರತಿ ವರ್ಷ ನಿಗದಿ ಮಾಡುತ್ತೆ. ಇದಕ್ಕೆ ಸ್ಕೇಲ್ ಆಫ್ ಫೈನಾನ್ಸ್ ಅಂತಾರೆ.

ಲೆಕ್ಕಕ್ಕೆ ಅಂತ ಎಕರೆಗೆ 30,000 ರೂಪಾಯಿ ಇಟ್ಟುಕೊಳ್ಳಿ. ನಾಲ್ಕು ಎಕರೆಗೆ 1,20,000. ಇದರ ಮೇಲೆ ಮನೆ ಖರ್ಚು ಮತ್ತು ಕೊಯ್ಲಿನ ನಂತರದ ಖರ್ಚಿಗೆ ಶೇ 10, ಅಂದ್ರೆ 12,000. ಕೃಷಿ ಉಪಕರಣಗಳ ರಿಪೇರಿ, ನಿರ್ವಹಣೆಗೆ ಶೇ 20, ಅಂದ್ರೆ 24,000. ಒಟ್ಟು 1,56,000. ವಿಮೆ ಕಂತು ಇದ್ದರೆ ಅದೂ ಸೇರುತ್ತೆ. ಕಾರ್ಡಿನ ಅವಧಿ ಐದು ವರ್ಷ, ಪ್ರತಿ ವರ್ಷ ಮಿತಿ ಶೇ 10ರಷ್ಟು ಏರಬೇಕು.

ನಾನು ನೋಡಿದ ಹಳೇ ಫೈಲುಗಳಲ್ಲಿ ಐದು ವರ್ಷದ ಹಿಂದಿನ ಮಿತಿಯಲ್ಲೇ ನಿಂತವು ಕೆಲವಿದ್ದವು. ರೈತರು ಕೇಳಿರಲಿಲ್ಲ, ಶಾಖೆಯವರೂ ಏರಿಸಿರಲಿಲ್ಲ. "ನಮ್ಮ ಬೆಳೆಗೆ ಈ ವರ್ಷದ ಸ್ಕೇಲ್ ಆಫ್ ಫೈನಾನ್ಸ್ ಎಷ್ಟು ರೀ?" ಅಂತ ನೇರವಾಗಿ ಕೇಳಿ. ಆ ಪಟ್ಟಿ ಪ್ರತಿ ಶಾಖೆಯಲ್ಲೂ ಇರುತ್ತೆ.

ಇನ್ನೊಂದು ಮಾತು. 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಜಮೀನು ಅಡಮಾನ ಬೇಕಿಲ್ಲ. ಮೊದಲು ಈ ಮಿತಿ 1.6 ಲಕ್ಷ ಇತ್ತು.

ಆರು ದಿನ ತಡವಾಗಿದ್ದಕ್ಕೆ 7,500 ರೂಪಾಯಿ

3 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ ಶೇ 7. ಸಕಾಲಕ್ಕೆ ಕಟ್ಟಿದರೆ ಕೇಂದ್ರ ಸರ್ಕಾರ ಶೇ 3ರಷ್ಟು ವಾಪಸ್ ಕೊಡುತ್ತೆ, ನಿಮಗೆ ಬೀಳೋದು ಶೇ 4 ಮಾತ್ರ. ಪತ್ರಿಕೆಯಲ್ಲಿ ಇದನ್ನ ಎಷ್ಟೋ ಸಲ ಓದಿದ್ದೆ. "ಸಕಾಲ" ಅನ್ನೋ ಪದದ ಬೆಲೆ ಗೊತ್ತಾಗಿದ್ದು ಶಾಖೆಯಲ್ಲಿ.

ಮೇ ತಿಂಗಳಲ್ಲಿ ಒಬ್ಬ ಹಿರಿಯರು ಬಂದರು. ಎರಡೂವರೆ ಲಕ್ಷದ ಸಾಲ. ಅಸಲು, ಬಡ್ಡಿ ಎರಡೂ ಕಟ್ಟೋಕೆ ರೊಕ್ಕ ಕೈಚೀಲದಲ್ಲೇ ತಂದಿದ್ದರು. ಆದರೆ ಕೊನೆಯ ದಿನ ಮುಗಿದು ಆರು ದಿನ ಆಗಿತ್ತು.

"ಗೋವಿನಜೋಳದ ರೊಕ್ಕ ಎರಡು ತಿಂಗಳ ಹಿಂದನ ಬಂದಿತ್ರೀ ಸಾಹೇಬ್ರ, ಮನ್ಯಾಗ ಇಟ್ಟಿದ್ದೆ. ಕಟ್ಟೋ ತಾರೀಖು ಯಾರೂ ಹೇಳ್ಲಿಲ್ಲ" ಅಂದರು.

ಬ್ಯಾಂಕಿನಿಂದ ಮೆಸೇಜ್ ಹೋಗಿತ್ತು. ಆದರೆ ಹೋಗಿದ್ದು ಎಂದೋ ಬಂದ್ ಆದ ಸಿಮ್ಮಿಗೆ. ಮಗನ ಕೈಯಲ್ಲಿ ಒಳ್ಳೇ ಸ್ಮಾರ್ಟ್‌ಫೋನ್ ಇತ್ತು, ಆ ನಂಬರ್ ಖಾತೆಗೆ ಜೋಡಣೆ ಆಗಿರಲಿಲ್ಲ. ಎರಡೂವರೆ ಲಕ್ಷಕ್ಕೆ ಶೇ 3 ಅಂದ್ರೆ 7,500 ರೂಪಾಯಿ. ಆರು ದಿನಕ್ಕೆ ಅಷ್ಟೂ ಹೋಯ್ತು. ನಿಯಮ ಬದಲಿಸೋ ಅಧಿಕಾರ ಮ್ಯಾನೇಜರ್‌ಗೂ ಇರಲಿಲ್ಲ. ಹಿರಿಯರು ರಸೀದಿ ಮಡಚಿ ಜೇಬಿಗಿಟ್ಟು, ಏನೂ ಮಾತಾಡದೆ ಹೊರಗೆ ಹೋದರು.

ಇದರಲ್ಲಿ ಇನ್ನೊಂದು ನಷ್ಟ ಅಡಗಿದೆ. ಕೆಸಿಸಿ ಒಂದು ಚಾಲ್ತಿ ಖಾತೆ ಇದ್ದಂಗೆ. ಬೆಳೆ ಮಾರಿದ ರೊಕ್ಕ ಯಾವಾಗ ಬೇಕಾದ್ರೂ ಕಟ್ಟಬಹುದು, ಬೇಕಾದಾಗ ಮಿತಿಯೊಳಗೆ ಮತ್ತೆ ತೆಗೆಯಬಹುದು. ಬಳಸಿದ ಹಣಕ್ಕೆ, ಬಳಸಿದ ದಿನಗಳಿಗೆ ಮಾತ್ರ ಬಡ್ಡಿ. ಆ ಎರಡೂವರೆ ಲಕ್ಷ ಮನೆಯಲ್ಲಿ ಇಡೋ ಬದಲು ಎರಡು ತಿಂಗಳು ಮೊದಲೇ ಕಟ್ಟಿದ್ದರೆ ಶೇ 7ರ ಲೆಕ್ಕದಲ್ಲಿ ಸುಮಾರು 2,900 ರೂಪಾಯಿ ಬಡ್ಡಿಯೂ ಉಳಿಯುತ್ತಿತ್ತು.

ಮಳೆ ಕೈಕೊಟ್ಟು ಕಟ್ಟೋಕೆ ಆಗದಿದ್ದರೆ ಹೆದರಿ ಶಾಖೆಯಿಂದ ದೂರ ಉಳಿಯಬೇಡಿ. ಅಲ್ಪಾವಧಿ ಬೆಳೆಯ ಸಾಲ ಎರಡು ಹಂಗಾಮು ಸುಸ್ತಿಯಾದ ಮೇಲೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತೆ. ಅಷ್ಟರೊಳಗೆ ಹೋಗಿ ಮಾತಾಡಿ. ಸರ್ಕಾರ ನಿಮ್ಮ ಭಾಗದಲ್ಲಿ ಬರ ಅಥವಾ ನೆರೆ ಘೋಷಿಸಿದ್ದರೆ ಸಾಲದ ಅವಧಿ ಮರುಹೊಂದಾಣಿಕೆಗೆ ಅವಕಾಶ ಇದೆಯಾ ಅಂತ ಕೇಳಿ.

ಉತಾರದಲ್ಲಿ ಹೆಸರಿಲ್ಲದಿದ್ದರೆ

ಅತಿ ಹೆಚ್ಚು ಫೈಲು ನಿಂತಿದ್ದು ಉತಾರದಿಂದ. ಮೈಸೂರು ಕಡೆಯವರು ಪಹಣಿ ಅಂತಾರಲ್ಲ, ಅದೇ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲದ ಬೋಜಾ ಇರುತ್ತೆ. ಕೆಲವು ಉತಾರದಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇನ್ನೂ ಇರುತ್ತೆ. ಕೆಲವರಲ್ಲಿ ಎಂದೋ ತೀರಿಸಿದ ಸಾಲದ ಬೋಜಾ 11ನೇ ಕಾಲಂನಲ್ಲಿ ಹಾಗೇ ಕೂತಿರುತ್ತೆ.

ಒಬ್ಬ ಅಕ್ಕ ಮೂರು ಸಲ ಬಂದರು. ಮೂರು ಎಕರೆ ಹೊಲ, ಗಂಡ ತೀರಿ ಎರಡು ವರ್ಷ, ಹೊಲದ ಕೆಲಸ ಎಲ್ಲಾ ಅವರದೇ. ಉತಾರದಲ್ಲಿ ಮಾತ್ರ ಗಂಡನ ಹೆಸರು.

"ಬಿತ್ತಾಕಿ ನಾನ, ಕಳೆ ತಗ್ಯಾಕಿ ನಾನ. ಸಾಲ ಕೇಳಿದ್ರ ನಾ ರೈತಳ ಅಲ್ಲಂತ ಅಂದ್ರ ಹ್ಯಾಂಗ ತಮ್ಮಾ?" ಅಂತ ನನ್ನನ್ನೇ ಕೇಳಿದರು.

ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದರು. ನನ್ನ ಇಂಟರ್ನ್‌ಶಿಪ್ ಮುಗಿಯುವವರೆಗೂ ಅದು ಆಗಲಿಲ್ಲ. ಮಳೆ ಕಾಯಲಿಲ್ಲ. ಬೀಜ, ಗೊಬ್ಬರಕ್ಕೆ ಅವರು ಊರಲ್ಲೇ ಕೈಸಾಲ ತಗೊಂಡರು, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ 36. ಶೇ 4ಕ್ಕೆ ಸಿಗಬೇಕಾದ ಹಣ ಒಂದು ಹೆಸರಿನ ಕಾರಣಕ್ಕೆ ಒಂಬತ್ತು ಪಟ್ಟು ದುಬಾರಿಯಾಯ್ತು. ಎಂಟು ವಾರದಲ್ಲಿ ನನಗೆ ಅತಿ ಹೆಚ್ಚು ಬೇಸರ ಆಗಿದ್ದು ಈ ಫೈಲು ಮುಚ್ಚುವಾಗ.

ಉತಾರದಲ್ಲಿ ಹೆಸರಿಲ್ಲದವರಿಗೆ ಒಂದು ದಾರಿ ಇದೆ. ಲಾವಣಿ ಮಾಡೋರು, ಪಾಲಿಗೆ ಮಾಡೋರೂ ಕೆಸಿಸಿಗೆ ಅರ್ಹರು ಅಂತ ಯೋಜನೆಯಲ್ಲೇ ಇದೆ. 4ರಿಂದ 10 ಜನ ಸೇರಿ ಜಂಟಿ ಹೊಣೆಗಾರಿಕೆ ಗುಂಪು ಮಾಡಿಕೊಂಡರೆ ಒಬ್ಬರಿಗೊಬ್ಬರು ಜಾಮೀನು. ಫೀಲ್ಡ್ ಆಫೀಸರ್ ಆ ಅಕ್ಕನಿಗೂ ಇದನ್ನೇ ವಿವರಿಸಿದರು. ಬಿತ್ತನೆ ಎದುರಿಗೆ ಇರುವಾಗ ಗುಂಪು ಕಟ್ಟೋಕೆ ಸಮಯ ಸಾಲಲಿಲ್ಲ. ಈ ಕೆಲಸ ಬೇಸಿಗೆಗೂ ಮುಂಚೆ ಆಗಬೇಕು.

ವಿಮೆ ಮತ್ತು ಬೆಳೆ ಸಮೀಕ್ಷೆ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲು ಮುಂಗಾರು ಬೆಳೆಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. 2020ರ ಮುಂಗಾರಿನಿಂದ ಸಾಲ ಪಡೆದವರಿಗೂ ಇದು ಐಚ್ಛಿಕ. ಬೇಡ ಅಂದ್ರೆ ಕೊನೆಯ ದಿನಕ್ಕೆ ಏಳು ದಿನ ಮೊದಲು ಶಾಖೆಗೆ ಬರೆದುಕೊಡಬೇಕು, ಇಲ್ಲದಿದ್ದರೆ ಕಂತು ಖಾತೆಯಿಂದ ಹೋಗುತ್ತೆ.

ತೊಂದರೆ ಬರೋದು ಬೆಳೆ ಬದಲಾದಾಗ. ಸಾಲ ಮತ್ತು ವಿಮೆ ಮೆಕ್ಕೆಜೋಳದ ಹೆಸರಲ್ಲಿ, ಹೊಲದಲ್ಲಿ ಹತ್ತಿ. ಬೆಳೆ ಸಮೀಕ್ಷೆಯಲ್ಲಿ ಹತ್ತಿ ಅಂತ ದಾಖಲಾದರೆ ಪರಿಹಾರ ತಿರಸ್ಕಾರ ಆಗಬಹುದು. ಬೆಳೆ ಬದಲಿಸಿದರೆ ವಿಮೆಯ ಕೊನೆಯ ದಿನಕ್ಕೆ ಮುಂಚೆಯೇ ಶಾಖೆಗೆ ತಿಳಿಸಿ. ರಾಜ್ಯ ಸರ್ಕಾರದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ನಿಮ್ಮ ಹೊಲದ ಫೋಟೊ ನೀವೇ ಹಾಕಬಹುದು. ಆಲಿಕಲ್ಲು ಬಿದ್ದರೆ, ಹೊಲದಲ್ಲಿ ನೀರು ನಿಂತರೆ 72 ಗಂಟೆಯೊಳಗೆ 14447ಕ್ಕೆ ಕರೆ ಮಾಡಿ ದೂರು ದಾಖಲಿಸಿ.

ಮೊಬೈಲ್ ಕಂತು, ಟ್ರ್ಯಾಕ್ಟರ್ ಸಾಲ

ನನ್ನ ವಯಸ್ಸಿನ ಹುಡುಗರ ಅರ್ಜಿ ತಿರಸ್ಕಾರ ಆಗಿದ್ದು ಹೆಚ್ಚಾಗಿ ಸಿಬಿಲ್‌ನಿಂದ. ಒಬ್ಬರು ಟ್ರ್ಯಾಕ್ಟರ್ ಸಾಲಕ್ಕೆ ಬಂದಿದ್ದರು. ಜಮೀನು ಸರಿ ಇತ್ತು, ಕಾಗದ ಸರಿ ಇತ್ತು. ಹಿಂದೆ ಕಂತಿನ ಮೇಲೆ ತಗೊಂಡ ಮೊಬೈಲ್‌ನ ಕೊನೆಯ ಮೂರು ಕಂತು ಬಾಕಿ ಇತ್ತು. ಸ್ಕೋರ್ 300ರಿಂದ 900ರವರೆಗೆ ಇರುತ್ತೆ, ಅವರದು ತೀರಾ ಕೆಳಗೆ ಇಳಿದಿತ್ತು. ಗೆಳೆಯನಿಗೆ ಹಾಕಿದ ಜಾಮೀನೂ ನಿಮ್ಮ ವರದಿಯಲ್ಲಿ ಬರುತ್ತೆ, ನೆನಪಿರಲಿ. ವರ್ಷಕ್ಕೆ ಒಂದು ಸಲ ಪೂರ್ತಿ ವರದಿ ಉಚಿತವಾಗಿ ಸಿಗುತ್ತೆ. ಸಾಲ ಕೇಳೋಕೆ ಹೋಗುವ ಮೊದಲೇ ನೋಡಿಕೊಳ್ಳಿ.

ಶಾಖೆಗೆ ಹೋಗುವ ಮುನ್ನ

1. ಭೂಮಿ ವೆಬ್‌ಸೈಟ್‌ನಲ್ಲಿ ನಿಮ್ಮ ಉತಾರ ತೆಗೆದು ನೋಡಿ. 9 ಮತ್ತು 11ನೇ ಕಾಲಂ ಓದಿ.
2. ಫ್ರೂಟ್ಸ್‌ನ ಎಫ್‌ಐಡಿಗೆ ಎಲ್ಲಾ ಸರ್ವೆ ನಂಬರ್ ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬಿಟ್ಟುಹೋದ ಜಮೀನು ಬ್ಯಾಂಕಿನ ಕಂಪ್ಯೂಟರ್‌ನಲ್ಲೂ ಕಾಣಲ್ಲ.
3. ಅಪ್ಪನ ಖಾತೆಗೆ ಈಗ ಚಾಲ್ತಿಯಲ್ಲಿರುವ ಫೋನ್ ನಂಬರ್ ಜೋಡಿಸಿ.
4. ಸಾಲ ಕಟ್ಟುವ ಕೊನೆಯ ದಿನ ಕೇಳಿ ಬರೆದುಕೊಳ್ಳಿ. ಫೋನಿನಲ್ಲಿ ಒಂದು ತಿಂಗಳು ಮೊದಲೇ ಅಲಾರಂ ಇಡಿ.
5. ಅರ್ಜಿ ಕೊಟ್ಟರೆ ಸ್ವೀಕೃತಿ ಚೀಟಿ ತಗೊಳ್ಳಿ. ಯಾವ ಕಾಗದ ಕಮ್ಮಿ ಅಂತ ಬರೆಸಿಕೊಳ್ಳಿ.
6. ಅಡಮಾನ ಸಾಲ ಪೂರ್ತಿ ತೀರಿಸಿದರೆ ಮೂಲ ದಾಖಲೆ 30 ದಿನದೊಳಗೆ ವಾಪಸ್ ಬರಬೇಕು. ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 11ನೇ ಕಾಲಂನ ಬೋಜಾ ತೆಗೆಸಿದ್ದನ್ನೂ ಖಚಿತ ಮಾಡಿಕೊಳ್ಳಿ.
7. ದೂರು ಇದ್ದರೆ ಮೊದಲು ಬ್ಯಾಂಕಿಗೆ ಬರೆದುಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448.

ಸಹಕಾರಿ ಸಂಘದ ಸದಸ್ಯರಿಗೆ ಇನ್ನೊಂದು ಆಯ್ಕೆ ಇದೆ. ಕರ್ನಾಟಕದಲ್ಲಿ ಸಂಘದ ಮೂಲಕ 5 ಲಕ್ಷದವರೆಗೆ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಯೋಜನೆ ಇದೆ. ನಿಮ್ಮ ಸಂಘದಲ್ಲಿ ಎಷ್ಟು ಸಿಗುತ್ತೆ ಅಂತ ಕೇಳಿ ಆಮೇಲೆ ಬ್ಯಾಂಕಿಗೆ ಹೋಗಿ.

ಇಂಟರ್ನ್‌ಶಿಪ್ ವರದಿಯಲ್ಲಿ ನಾನು ಶಾಖೆಗೆ ಎರಡು ಸಲಹೆ ಬರೆದೆ. ಸಾಲ ಕಟ್ಟುವ ಕೊನೆಯ ದಿನಾಂಕದ ಪಟ್ಟಿಯನ್ನು ಊರೂರಿನ ಹಾಲಿನ ಡೇರಿಯಲ್ಲಿ ಮೂವತ್ತು ದಿನ ಮುಂಚೆ, ಮೊತ್ತ ಹಾಕದೆ, ಖಾತೆಯ ಕೊನೆಯ ನಾಲ್ಕು ಅಂಕಿಯ ಜೊತೆ ಅಂಟಿಸಿ ಅಂತ ಒಂದು. ಜನವರಿಯಲ್ಲೇ ಪೌತಿ ಖಾತೆ ಬಾಕಿ ಇರುವ ಸಾಲಗಾರರ ಮನೆಗಳನ್ನು ಗುರುತಿಸಿ ಮಾಹಿತಿ ಕೊಡಿ ಅಂತ ಇನ್ನೊಂದು. ಮ್ಯಾನೇಜರ್ ಓದಿ, ಮೊದಲನೆಯದನ್ನ ಮುಂದಿನ ಹಂಗಾಮಿಗೆ ಎರಡು ಊರಲ್ಲಿ ಮಾಡಿ ನೋಡೋಣ ಅಂದಿದ್ದಾರೆ. ಅದು ಆಗುವವರೆಗೆ ಆ ದಿನಾಂಕ ನೆನಪಿಡೋ ಕೆಲಸ ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವ ನಮ್ಮದೇ. ಇವತ್ತು ಸಂಜೆ ಅಪ್ಪ ಹೊಲದಿಂದ ಬಂದ ಮೇಲೆ ಪಾಸ್‌ಬುಕ್ ಕೇಳಿ ತಗೊಳ್ಳಿ.