ಒಂದು ಬೋರ್ಡು, ಹಲವು ಕಡತ: ಯಂತ್ರಾಂಶದ ವಿವರಣೆಯನ್ನು ಜೋಡಿಸಿಡುವ ಬಗೆ

ಕಂಪ್ಯೂಟರಿಗೆ ಒಂದು ಯು.ಎಸ್.ಬಿ. ಕೀಲಿಮಣೆಯನ್ನು ಸಿಕ್ಕಿಸಿದರೆ ಅದು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ. ಆದರೆ ರಾಸ್ಪ್‌ಬೆರಿ ಪೈ, ಬೀಗಲ್‌ಬೋನ್ ಮೊದಲಾದ ಅಂಗೈಯಗಲದ ಬೋರ್ಡುಗಳಲ್ಲಿರುವ ಅನೇಕ ಭಾಗಗಳಿಗೆ ಈ ಶಕ್ತಿ ಇಲ್ಲ. ಎರಡು ತಂತಿಯ ಐ2ಸಿ ಮಾರ್ಗದ ತುದಿಯಲ್ಲಿರುವುದು ಉಷ್ಣತೆ ಅಳೆಯುವ ಚಿಪ್ಪೋ ಗಡಿಯಾರದ ಚಿಪ್ಪೋ ಎಂಬುದು ಖಚಿತವಾಗಿ ಕೇಳಿ ತಿಳಿಯುವಂಥದ್ದಲ್ಲ. ಲೇಬಲ್ಲಿಲ್ಲದ ಡಬ್ಬಿಗಳ ಅಡುಗೆಮನೆಗೆ ಹೊಸಬರು ಹೊಕ್ಕ ಹಾಗೆ! ಯಾರಾದರೂ ಮೊದಲೇ ಬರೆದಿಟ್ಟಿರಬೇಕು.

ಹಿಂದೆ ಲಿನಕ್ಸ್‌ನಲ್ಲಿ ಆರ್ಮ್ ಸಂಸ್ಕಾರಕದ ಬೋರ್ಡುಗಳಿಗೆ ಈ ವಿವರವನ್ನು ಸಿ ಭಾಷೆಯ ಕ್ರಮವಿಧಿಯೊಳಗೇ ಬರೆಯುತ್ತಿದ್ದರು. ಬೋರ್ಡು ಬದಲಾದರೆ ಮತ್ತೊಂದು ಕಡತ. ಈ ರಾಶಿಯನ್ನು ಕಂಡು ಲಿನಸ್ ಟೊರ್ವಾಲ್ಡ್ಸ್ 2011ರಲ್ಲಿ ಬಹಿರಂಗವಾಗಿಯೇ ಸಿಡಿಮಿಡಿಗೊಂಡರು. ಆಮೇಲೆ ಆರ್ಮ್ ಲೋಕವು ‘ಡಿವೈಸ್ ಟ್ರೀ’ ಎಂಬ ಪದ್ಧತಿಗೆ ಹೊರಳಿತು. ಇದು ಆಗ ಹೊಸದೇನೂ ಆಗಿರಲಿಲ್ಲ. ಸನ್ ಕಂಪನಿಯ ಯಂತ್ರಗಳಲ್ಲಿಯೂ ಆಪಲ್‌ನ ಪವರ್‌ಪಿಸಿ ಯಂತ್ರಗಳಲ್ಲಿಯೂ ಬಳಕೆಯಲ್ಲಿದ್ದ, 1994ರ ಐಇಇಇ 1275 ಶಿಷ್ಟತೆಯಲ್ಲಿ ಸೇರಿದ್ದ ವಿಚಾರವೇ. ಯಂತ್ರಾಂಶದ ವಿವರಣೆಯನ್ನು ಕ್ರಮವಿಧಿಯಿಂದ ಹೊರಗೆ ತೆಗೆದು, ಮರದ ಕೊಂಬೆಗಳಂತೆ ಬರೆದಿಡುವುದೇ ಅದರ ತಿರುಳು.

ಬೋರ್ಡಿನ ವಿವರವಿರುವ ಕಡತದ ಹೆಸರು ಡಿಟಿಎಸ್ ಎಂದು ಮುಗಿಯುತ್ತದೆ. ಹಲವರು ಹಂಚಿಕೊಳ್ಳುವ ಭಾಗವು ಡಿಟಿಎಸ್‌ಐ. ಎರಡನ್ನೂ ಒಂದು ಕಂಪೈಲರು ಬೆಸೆದು ಯಂತ್ರ ಓದಬಲ್ಲ ಡಿಟಿಬಿ ಕಡತವನ್ನು ಕೊಡುತ್ತದೆ. ಯಂತ್ರ ಏಳುವಾಗ ಲಿನಕ್ಸ್ ಕರ್ನಲ್ಲಿಗೆ ದೊರೆಯುವುದು ಇದೇ.

ಯಾವ ಸಾಲು ಯಾವ ಕಡತದಲ್ಲಿರಬೇಕು? ರಾಸ್ಪ್‌ಬೆರಿ ಪೈಯನ್ನೇ ನೋಡೋಣ. 2012ರ ಮೊದಲ ಪೈಯಲ್ಲಿದ್ದ ಬಿಸಿಎಂ2835 ಚಿಪ್ಪಿನಲ್ಲಿ ಆರ್ಮ್ ಸಂಸ್ಕಾರಕ ಒಂದೇ. 2015ರ ಪೈ 2ರ 2836ರಲ್ಲಿ ನಾಲ್ಕು. 2016ರ ಪೈ 3ರ 2837ರಲ್ಲಿಯೂ ನಾಲ್ಕು, ಆದರೆ ಬೇರೆ ಜಾತಿಯವು. ಉಳಿದ ಅಂಗಗಳು ಬಹುಮಟ್ಟಿಗೆ ಒಂದೇ. ಆದ್ದರಿಂದ ಈ ಸಮಾನ ಅಂಗಗಳೆಲ್ಲ ‘283ಎಕ್ಸ್’ ಎಂಬ ಒಂದು ಕಡತದಲ್ಲಿವೆ. ಸಂಸ್ಕಾರಕದ ವಿವರ ಆಯಾ ಚಿಪ್ಪಿನ ಕಡತದಲ್ಲಿದೆ. ದೀಪ ಯಾವ ಕಾಲಿಗೆ ಸೇರಿದೆ ಎಂಬಂಥದ್ದು ಬೋರ್ಡಿನ ಕಡತದಲ್ಲಿದೆ. ಸಿಲಿಕಾನ್ ಒಳಗಿರುವುದು ಚಿಪ್ಪಿನ ಕಡತಕ್ಕೆ, ಬೋರ್ಡಿನ ಮೇಲೆ ಬೆಸುಗೆ ಹಾಕಿದ್ದು ಬೋರ್ಡಿನ ಕಡತಕ್ಕೆ ಎಂದು ತಿಳಿಯಿರಿ. ಸಾಮಾನ್ಯವಾಗಿ ಚಿಪ್ಪಿನ ಕಡತದಲ್ಲಿ, ಹೊರಗೆ ತಂತಿ ಬೇಕಾಗುವ ಅಂಗಗಳನ್ನು ‘ಡಿಸೇಬಲ್ಡ್’ ಎಂದು ಗುರುತಿಸಿರುತ್ತಾರೆ. ತಂತಿ ನಿಜವಾಗಿ ಹೊರಬಂದಿರುವ ಬೋರ್ಡಿನವರು ತಮ್ಮ ಕಡತದಲ್ಲಿ ಅದನ್ನು ‘ಓಕೆ’ ಎಂದು ತಿದ್ದುತ್ತಾರೆ. ಹಿಂದೆ ಹೇಳಿದ ಮಾತಿಗಿಂತ ಕೊನೆಗೆ ಹೇಳಿದ ಮಾತಿಗೇ ಬೆಲೆ.

ಎರಡು ಬೋರ್ಡುಗಳ ನಾಲ್ಕು ಸಾಲು ಹೊಂದಿಕೊಂಡವೆಂದು ಕೂಡಲೇ ಹಂಚಿಕೆಯ ಕಡತ ಮಾಡುವ ಚಪಲ ಒಳ್ಳೆಯದಲ್ಲ. ಹೋಲಿಕೆ ಕಾಕತಾಳೀಯವಾಗಿದ್ದರೆ, ನಾಳೆ ಒಬ್ಬರು ತಮ್ಮ ಬೋರ್ಡಿಗಾಗಿ ಮಾಡಿದ ತಿದ್ದುಪಡಿ ಇನ್ನೊಬ್ಬರ ಬೋರ್ಡನ್ನು ಕೆಡಿಸುತ್ತದೆ. ಇದು ಬರಿಯ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ವಿದ್ಯುತ್ ನಿಯಂತ್ರಕವು ಎಷ್ಟು ವೋಲ್ಟಿನವರೆಗೆ ಹೋಗಬಹುದೆಂಬುದನ್ನೂ ಇಲ್ಲಿಯೇ, ಮೈಕ್ರೋವೋಲ್ಟಿನಲ್ಲಿ, ಬರೆಯುತ್ತಾರೆ. 1.8 ವೋಲ್ಟಿನ ಭಾಗವಿರುವ ಕಡೆ ಬೇರೆ ಬೋರ್ಡಿನಿಂದ ನಕಲು ಮಾಡಿದ 3300000 ಎಂಬ ಅಂಕಿ ಉಳಿದುಕೊಂಡರೆ ಆ ಭಾಗ ಸುಟ್ಟೇ ಹೋದೀತು. ಸಾಫ್ಟ್‌ವೇರಿನ ತಪ್ಪನ್ನು ಅಳಿಸಿ ಬರೆಯಬಹುದು, ಸುಟ್ಟ ಚಿಪ್ಪನ್ನು ಏನು ಮಾಡುವುದು?

ಇನ್ನು ಕಡತಗಳನ್ನು ಇಡುವ ಜಾಗ. 64 ಬಿಟ್‌ನ ಆರ್ಮ್ ಬೋರ್ಡುಗಳಿಗೆ ತಯಾರಕರ ಹೆಸರಿನ ಉಪಕೋಶಗಳಿದ್ದವು. 32 ಬಿಟ್‌ನವು ಮಾತ್ರ ವರ್ಷಗಟ್ಟಲೆ ಒಂದೇ ಕೋಶದಲ್ಲಿ ತುಂಬಿಕೊಂಡು, 1500ಕ್ಕೂ ಹೆಚ್ಚು ಬೋರ್ಡುಗಳಷ್ಟಾದವು. 2023ರ ಆಗಸ್ಟಿನಲ್ಲಿ ಹೊರಬಂದ ಲಿನಕ್ಸ್ 6.5ರಲ್ಲಿ ಇವನ್ನೂ ವಿಂಗಡಿಸಲಾಯಿತು: ಪೈ ಕಡತಗಳು ಬ್ರಾಡ್‌ಕಾಮ್ ಕೋಶಕ್ಕೆ, ಬೀಗಲ್‌ಬೋನಿನವು ಟಿಐ ಕೋಶಕ್ಕೆ.

ಸಾಗಿಸುವುದು ಸುಲಭ, ಹಳೆಯ ವಿಳಾಸವನ್ನು ನಂಬಿದವರ ಗತಿ? ಪೈ 3ರ 64 ಬಿಟ್ ಕಡತವು 32 ಬಿಟ್‌ನ ಕಡತವನ್ನೇ ಒಳಗೆ ಕರೆದುಕೊಳ್ಳುತ್ತಿತ್ತು. ಅಲ್ಲಿಯ ದಾರಿಯನ್ನು ತಿದ್ದಬೇಕಾಯಿತು. ಅದಕ್ಕಿಂತ ಮುಖ್ಯವಾಗಿ, ಎಷ್ಟೋ ಯಂತ್ರಗಳು ಏಳುವಾಗ ಡಿಟಿಬಿ ಕಡತವನ್ನು ಹಳೆಯ ಚಪ್ಪಟೆ ಕೋಶದಲ್ಲಿಯೇ ಹುಡುಕುತ್ತವೆ. ಅದು ಸಿಗದಿದ್ದರೆ ಯಂತ್ರ ಏಳುವುದೇ ಇಲ್ಲ. ಆದುದರಿಂದ ಮೂಲ ಕಡತಗಳನ್ನು ವಿಂಗಡಿಸಿದರೂ, 32 ಬಿಟ್‌ನ ಡಿಟಿಬಿಗಳನ್ನು ಯಂತ್ರದಲ್ಲಿ ಅಳವಡಿಸುವಾಗ ಮೊದಲಿನಂತೆ ಒಂದೇ ಕೋಶದಲ್ಲಿ ಇಡುವ ಏರ್ಪಾಟನ್ನು ಮುಂಚೆಯೇ ಮಾಡಿಕೊಂಡಿದ್ದರು.